ಬೀಗ, ಬೇಲಿ ಮತ್ತು ಪಾಳಿ

ಇಂಗ್ಲೆಂಡಿನ ಭದ್ರತಾ ಮನೋರೋಗ ಆಸ್ಪತ್ರೆಗಳಲ್ಲಿ ಮೂರು ದರ್ಜೆಗಳಿವೆ. ಅತಿ ಭದ್ರತೆಯವು ಇಡೀ ದೇಶಕ್ಕೆ ಮೂರೇ: ಬರ್ಕ್‌ಶೈರ್‌ನ ಬ್ರಾಡ್‌ಮೂರ್, ನಾಟಿಂಗ್‌ಹ್ಯಾಮ್‌ಶೈರ್‌ನ ರ‍್ಯಾಂಪ್ಟನ್ ಮತ್ತು ಲಿವರ್‌ಪೂಲ್ ಸಮೀಪದ ಆಶ್‌ವರ್ತ್. ಇವುಗಳ ಹೊರಗೋಡೆ, ಕ್ಯಾಮೆರಾ, ಗೇಟಿನ ತಪಾಸಣೆ ಎಲ್ಲವೂ ಅಲ್ಲಿನ ‘ಬಿ’ ವರ್ಗದ ಸೆರೆಮನೆಯ ಮಟ್ಟದವು. ಮಧ್ಯಮ ಭದ್ರತೆಯ ಘಟಕದ ಸುತ್ತ 5.2 ಮೀಟರ್ ಎತ್ತರದ ತಂತಿಬೇಲಿ ಇರಬೇಕು, ಅದರ ಹೆಣಿಗೆ ಕಾಲಿಡಲು ಆಗದಷ್ಟು ಬಿಗಿಯಾಗಿರಬೇಕು. ಕಡಿಮೆ ಭದ್ರತೆಯ ಘಟಕಕ್ಕೆ 3 ಮೀಟರ್ ಬೇಲಿ ಸಾಕು. ಬೇಲಿಯ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತುಮಾಡಿರುವ ಈ ವ್ಯವಸ್ಥೆಯಲ್ಲಿ, ಬೇಲಿಯೊಳಗಿನ ವಾರ್ಡಿಗೆ ಎಷ್ಟು ನರ್ಸ್‌ಗಳಿರಬೇಕು ಎಂದು ಹೇಳುವ ಕಾನೂನು ಮಾತ್ರ ಇಲ್ಲ. ಪಕ್ಕದ ವೇಲ್ಸ್ 2016ರಲ್ಲಿ ನರ್ಸ್‌ಗಳ ಸಂಖ್ಯೆಗೆಂದೇ ಕಾಯ್ದೆ ಮಾಡಿತು. ಆದರೆ ಅದರ ಲೆಕ್ಕಾಚಾರದ ನಿಯಮ ಬಂದದ್ದು ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸೆಯ ವಾರ್ಡುಗಳಿಗೆ, ಆಮೇಲೆ ಮಕ್ಕಳ ವಾರ್ಡುಗಳಿಗೆ. ಮನೋರೋಗದ ವಾರ್ಡು ಅದರೊಳಗೆ ಬರಲಿಲ್ಲ.

ಈ ಘಟಕಗಳಿಗೆ ಬರುವವರ ದಾರಿಗಳು ಬೇರೆ ಬೇರೆ. ಅಪರಾಧ ಮಾಡಿ, ಸೆರೆಮನೆಯ ಬದಲು ಆಸ್ಪತ್ರೆಗೆ ಹೋಗಲಿ ಎಂದು ನ್ಯಾಯಾಲಯ ಕಳಿಸಿದವರಿದ್ದಾರೆ. ಸೆರೆಮನೆಯಲ್ಲಿದ್ದಾಗ ಕಾಯಿಲೆ ಉಲ್ಬಣಿಸಿ ವರ್ಗವಾಗಿ ಬಂದವರಿದ್ದಾರೆ. ಯಾವ ಅಪರಾಧವನ್ನೂ ಮಾಡದೆ, ಸಾಮಾನ್ಯ ವಾರ್ಡಿನಲ್ಲಿ ನಿಭಾಯಿಸಲಾಗಲಿಲ್ಲ ಎಂಬ ಕಾರಣಕ್ಕೆ ಇಲ್ಲಿ ಸೇರಿದವರೂ ಇದ್ದಾರೆ. ಎಲ್ಲರಿಗೂ ಅನ್ವಯಿಸುವುದು 1983ರ ಮಾನಸಿಕ ಆರೋಗ್ಯ ಕಾಯ್ದೆ. ಅದರ 41ನೇ ಸೆಕ್ಷನ್ನಿನ ನಿರ್ಬಂಧ ಇರುವ ರೋಗಿ ವೈದ್ಯರ ಒಪ್ಪಿಗೆಯಷ್ಟರಿಂದಲೇ ಗೇಟು ದಾಟುವಂತಿಲ್ಲ, ನ್ಯಾಯ ಸಚಿವಾಲಯವೂ ಒಪ್ಪಬೇಕು. ಬೌದ್ಧಿಕ ವೈಕಲ್ಯ ಇರುವವರು ಮತ್ತು ಆಟಿಸಂ ಇರುವವರು ಈ ಜನರ ನಡುವೆ ಸಣ್ಣ ಸಂಖ್ಯೆಯಲ್ಲಿದ್ದಾರೆ. 2011ರಿಂದೀಚಿನ ದೊಡ್ಡ ಹಗರಣಗಳಲ್ಲಿ ಹಲವು ನಡೆದದ್ದು ಮಾತ್ರ ಇವರನ್ನು ಇಟ್ಟಿದ್ದ ಕಟ್ಟಡಗಳಲ್ಲಿ.

ವ್ಯವಸ್ಥೆಯ ಬೇರು ಒಂದು ಗುಂಡೇಟಿನಲ್ಲಿದೆ. 1800ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕ ಮೂರನೇ ಜಾರ್ಜ್ ದೊರೆಯತ್ತ ಪಿಸ್ತೂಲು ಹಾರಿಸಿದ. ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಎಂದು ನ್ಯಾಯಾಲಯ ಅವನನ್ನು ಬಿಟ್ಟಿತು. ಆದರೆ ಬಿಟ್ಟು ಕಳಿಸುವುದು ಎಲ್ಲಿಗೆ? ಅಂಥವರನ್ನು ದೊರೆಯ ಇಚ್ಛೆ ಇರುವವರೆಗೂ ಕೂಡಿಹಾಕಬಹುದು ಎಂಬ ಕಾಯ್ದೆ ಅದೇ ವರ್ಷ ಬಂತು. ಅವರಿಗೆಂದೇ ಕಟ್ಟಿದ ಬ್ರಾಡ್‌ಮೂರ್ 1863ರಲ್ಲಿ ತೆರೆಯಿತು. ಮೊದಲು ಬಂದವರು ಹೆಂಗಸರು. ನಕ್ಷೆ ಬರೆದವರು ಜೋಶುವಾ ಜೆಬ್, ಪೆಂಟನ್‌ವಿಲ್ ಸೆರೆಮನೆಯನ್ನು ರೂಪಿಸಿದ ಸೇನಾ ಎಂಜಿನಿಯರ್. ಸೆರೆಮನೆ ಕಟ್ಟಿದ ಕೈಯಿಂದ ಆಸ್ಪತ್ರೆಯ ನಕ್ಷೆ ಬಂದದ್ದು ಮುಂದಿನ ನೂರೈವತ್ತು ವರ್ಷಗಳ ತಲೆನೋವಾಯಿತು. ಹಳೆಯ ವಾರ್ಡುಗಳ ಉದ್ದುದ್ದ ಓಣಿ, ಮೂಲೆ, ತಿರುವುಗಳಲ್ಲಿ ಒಬ್ಬ ನರ್ಸ್ ನಿಂತಲ್ಲಿಂದ ಎಲ್ಲರನ್ನೂ ನೋಡುವುದು ಆಗದ ಮಾತು. ಈ ಕಟ್ಟಡಗಳು ಚಿಕಿತ್ಸೆಗೆ ಲಾಯಕ್ಕಲ್ಲ ಎಂದು ತಪಾಸಣಾ ಸಂಸ್ಥೆಗಳು 2003ರಿಂದ ಹೇಳುತ್ತ ಬಂದವು. ಹೊಸ ಆಸ್ಪತ್ರೆ ಅದೇ ಆವರಣದಲ್ಲಿ 2019ರಲ್ಲಿ ತೆರೆಯಿತು.

ಆ ಹಳೆಯ ಬ್ರಾಡ್‌ಮೂರ್‌ನಲ್ಲೂ ಸೌಲಭ್ಯ ಎಲ್ಲರಿಗೂ ಒಂದೇ ಆಗಿರಲಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾವಿರಾರು ಉಲ್ಲೇಖಗಳನ್ನು ಹುಡುಕಿ ಕಳಿಸಿದ ಅಮೆರಿಕದ ಸೇನಾ ವೈದ್ಯ ವಿಲಿಯಂ ಮೈನರ್ 1872ರಲ್ಲಿ ಇಲ್ಲಿಗೆ ಬಂದಾತ. ಅವನಿಗೆ ಎರಡು ಕೋಣೆಗಳಿದ್ದವು, ತನ್ನದೇ ಪುಸ್ತಕ ಸಂಗ್ರಹವಿತ್ತು. ಸೇನೆಯ ಪಿಂಚಣಿ ಇದ್ದವನಿಗೆ ಒಪ್ಪಿದ ಸೌಕರ್ಯ ಅದು.

ರ‍್ಯಾಂಪ್ಟನ್ ಶುರುವಾದದ್ದು 1912ರಲ್ಲಿ. ಆಶ್‌ವರ್ತ್ 1989ರ ಸುಮಾರಿಗೆ ಮಾಸ್ ಸೈಡ್ ಮತ್ತು ಪಾರ್ಕ್ ಲೇನ್ ಎಂಬ ಎರಡು ಆಸ್ಪತ್ರೆಗಳನ್ನು ಕೂಡಿಸಿದ್ದರಿಂದ ಹುಟ್ಟಿತು. ಈ ‘ವಿಶೇಷ ಆಸ್ಪತ್ರೆ’ಗಳ ನರ್ಸ್‌ಗಳು ಬಹುಕಾಲ ಸೆರೆಮನೆ ಅಧಿಕಾರಿಗಳ ಸಂಘದ ಸದಸ್ಯರಾಗಿದ್ದರು, ತೊಡುತ್ತಿದ್ದ ಸಮವಸ್ತ್ರವೂ ಹೆಚ್ಚುಕಡಿಮೆ ಅದೇ. ಊರಿಂದ ದೂರದ ಆವರಣ, ಆವರಣದಲ್ಲೇ ಸಿಬ್ಬಂದಿಯ ವಸತಿ, ಅಪ್ಪನ ನಂತರ ಮಗನಿಗೆ ಅಲ್ಲೇ ಕೆಲಸ. ಇಂಥಲ್ಲಿ ಹೊರಗಿನ ಗಾಳಿ ಬೀಸುವುದು ಕಷ್ಟ. 1979ರಲ್ಲಿ ಯಾರ್ಕ್‌ಶೈರ್ ಟೆಲಿವಿಷನ್ನಿನ ಸಾಕ್ಷ್ಯಚಿತ್ರವೊಂದು ರ‍್ಯಾಂಪ್ಟನ್ನಿನಲ್ಲಿ ರೋಗಿಗಳಿಗೆ ಹೊಡೆಯುತ್ತಾರೆಂದು ಆರೋಪಿಸಿತು. ಮರುವರ್ಷ ಬಂದ ಬಾಯ್ನ್‌ಟನ್ ವರದಿ ಆಸ್ಪತ್ರೆ ಎಷ್ಟು ಒಂಟಿಯಾಗಿ ನಿಂತಿದೆ ಎಂಬುದನ್ನೇ ಎತ್ತಿ ಹೇಳಿತು. ಈ ಮೂರೂ ಆಸ್ಪತ್ರೆಗಳು ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಾಮಾನ್ಯ ಟ್ರಸ್ಟುಗಳ ಕೈಗೆ ಬಂದದ್ದು 2001ರ ಹೊತ್ತಿಗೆ.

ಮಧ್ಯಮ ದರ್ಜೆಯ ಹುಟ್ಟಿಗೂ ಒಂದು ದುರಂತವೇ ಕಾರಣ. ಹುಡುಗನಾಗಿದ್ದಾಗಲೇ ಮನೆಯವರಿಗೆ ವಿಷ ಹಾಕಿ ಬ್ರಾಡ್‌ಮೂರ್ ಸೇರಿದ್ದ ಗ್ರಹಾಂ ಯಂಗ್ 1971ರಲ್ಲಿ ಬಿಡುಗಡೆಯಾದ. ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ ಸಹೋದ್ಯೋಗಿಗಳ ಚಹಾಕ್ಕೆ ವಿಷ ಬೆರೆಸಿ ಇಬ್ಬರನ್ನು ಕೊಂದ. ಅತಿ ಭದ್ರತೆಯ ಕೋಟೆಯಿಂದ ನೇರವಾಗಿ ಬೀದಿಗೆ ಬಿಡುವುದು ಸರಿಯಲ್ಲ, ನಡುವೆ ಒಂದು ಮೆಟ್ಟಿಲು ಬೇಕು ಎಂದು ಬಟ್ಲರ್ ಸಮಿತಿ 1974ರ ಮಧ್ಯಂತರ ವರದಿಯಲ್ಲಿ ಹೇಳಿತು. ಪ್ರತಿ ಪ್ರದೇಶಕ್ಕೂ ಭದ್ರತಾ ಘಟಕ, ಒಟ್ಟು 2,000 ಹಾಸಿಗೆ ಎಂಬುದು ಅದರ ಲೆಕ್ಕ. ಅದೇ ವರ್ಷದ ಗ್ಲ್ಯಾನ್ಸಿ ವರದಿ 1,000 ಸಾಕೆಂದಿತು. ಸರ್ಕಾರ ಯಾವುದನ್ನು ಒಪ್ಪಿತೆಂದು ಬೇರೆ ಹೇಳಬೇಕಿಲ್ಲ. ಮೊದಲ ಕಾಯಂ ಘಟಕ ಮಿಡಲ್ಸ್‌ಬರೊದಲ್ಲಿ ತೆರೆಯುವಾಗ 1980 ಬಂದಿತ್ತು. ಹಣ ಹರಿದದ್ದು ನಿಧಾನ, ಸಿಬ್ಬಂದಿ ಸಿಕ್ಕಿದ್ದು ಇನ್ನೂ ನಿಧಾನ. ಸರ್ಕಾರ ಬಿಟ್ಟ ಜಾಗವನ್ನು ಖಾಸಗಿ ಕಂಪನಿಗಳು ತುಂಬಿದವು. ಕಡಿಮೆ ಭದ್ರತೆಯ ಮತ್ತು ಬೌದ್ಧಿಕ ವೈಕಲ್ಯದ ಹಾಸಿಗೆಗಳಲ್ಲಿ ದೊಡ್ಡ ಪಾಲು ಇವತ್ತು ಅವರದೇ. ಬಿಲ್ಲು ಕಟ್ಟುವುದು ಮಾತ್ರ ಎನ್‌ಎಚ್‌ಎಸ್.

ಈಗಿನ ಮಧ್ಯಮ ಭದ್ರತಾ ಘಟಕದ ಬಾಗಿಲಲ್ಲಿ ಮೊದಲು ಎದುರಾಗುವುದು ಜೋಡಿ ಬಾಗಿಲಿನ ಗಾಜುಕೋಣೆ. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ಬಂದವರು ಫೋನು, ಬೆಂಕಿಪೊಟ್ಟಣ, ಲೈಟರು ಎಲ್ಲವನ್ನೂ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಸಿಬ್ಬಂದಿಗೆ ಅಲ್ಲೇ ಬೀಗದಕೈ ಗೊಂಚಲು ಮತ್ತು ಸೊಂಟಕ್ಕೆ ಸಿಕ್ಕಿಸುವ ಅಲಾರಂ ಸಿಗುತ್ತದೆ. ಗೊಂಚಲನ್ನು ಬೆಲ್ಟಿಗೆ ಸರಪಳಿಯಿಂದ ಬಿಗಿದು, ಚೀಲದಲ್ಲಿ ಮುಚ್ಚಿಟ್ಟುಕೊಳ್ಳಬೇಕು. ಕೀಲಿಯ ಹಲ್ಲುಗಳ ಆಕಾರ ರೋಗಿಗಳ ಕಣ್ಣಿಗೆ ಬೀಳಬಾರದು.

ವಾರ್ಡಿನೊಳಗೆ ಕಟ್ಟಡದ ಜಾಣತನವೆಲ್ಲ ಖರ್ಚಾಗಿರುವುದು ಕುಣಿಕೆ ಬಿಗಿಯಲು ಜಾಗ ಸಿಗದಂತೆ ಮಾಡುವುದರಲ್ಲಿ. ನಲ್ಲಿಗಳು ಗೋಡೆಯಿಂದ ಇಳಿಜಾರಾಗಿ ಚಾಚಿರುತ್ತವೆ, ದಾರ ಸುತ್ತಿದರೆ ಜಾರಿ ಬೀಳಬೇಕು. ಪರದೆಯ ಸರಳು ಭಾರ ಬಿದ್ದ ಕೂಡಲೇ ಕಳಚಿಕೊಳ್ಳುತ್ತದೆ. ಕೋಣೆಯ ಬಾಗಿಲು ಎರಡೂ ದಿಕ್ಕಿಗೆ ತೆರೆಯುತ್ತದೆ, ಒಳಗಿನಿಂದ ಮಂಚ ಅಡ್ಡ ಇಟ್ಟರೂ ಸಿಬ್ಬಂದಿ ಹೊರಕ್ಕೆ ಎಳೆದು ತೆಗೆಯಬಹುದು. ಬಾಗಿಲಿನ ಗಾಜಿಗೆ ಹೊರಗಿನಿಂದ ತಿರುಗಿಸುವ ಪಟ್ಟಿಗಳಿವೆ. ರಾತ್ರಿ ದೀಪ ಹಾಕದೆ ಒಮ್ಮೆ ಇಣುಕಿ ನೋಡಿ ಮತ್ತೆ ಮುಚ್ಚುವುದಕ್ಕೆಂದು ಮಾಡಿದ ಏರ್ಪಾಡು ಇದು. ಅಡುಗೆ ಕಲಿಸುವ ಕೋಣೆಯಲ್ಲಿ ಚಾಕುಗಳು ಬೀಗ ಹಾಕಿದ ಕಪಾಟಿನಲ್ಲಿರುತ್ತವೆ. ಊಟವಾದ ಮೇಲೆ ಚಮಚ, ಫೋರ್ಕುಗಳನ್ನು ಎಣಿಸಿ, ಲೆಕ್ಕ ಸರಿಹೋಗುವವರೆಗೆ ಯಾರೂ ಊಟದ ಮನೆಯಿಂದ ಏಳುವಂತಿಲ್ಲ.

ಗಲಾಟೆ ಮಿತಿಮೀರಿದವರನ್ನು ಕೂಡಿಹಾಕುವ ಒಂಟಿ ಕೋಣೆಯ ವಿವರಗಳನ್ನು ಮಾನಸಿಕ ಆರೋಗ್ಯ ಕಾಯ್ದೆಯ 2015ರ ಪಾಲನಾ ಸಂಹಿತೆ ಬಿಡಿಬಿಡಿಯಾಗಿ ಬರೆದಿಟ್ಟಿದೆ. ಹಾಸಿಗೆ, ದಿಂಬು, ಹೊದಿಕೆ. ಗಟ್ಟಿ ಗಾಜಿನ ಕಿಟಕಿ, ಅದರಿಂದ ಹಗಲಿನ ಬೆಳಕು. ದೀಪ ಮತ್ತು ಬಿಸಿಯ ನಿಯಂತ್ರಣ ಹೊರಗಿನವರ ಕೈಯಲ್ಲಿ. ಬಾಗಿಲು ಹಾಕಿದ್ದರೂ ಮಾತಾಡಲು ಇಂಟರ್‌ಕಾಂ. ಮರೆಯಾಗುವ ಮೂಲೆ ಇರಕೂಡದು. ಶೌಚಾಲಯ, ಕೈತೊಳೆಯುವ ಜಾಗ ಇರಬೇಕು. ಒಳಗಿರುವವರಿಗೆ ಸದಾ ಕಾಣುವಂತೆ ಒಂದು ಗಡಿಯಾರ ಇರಬೇಕು. ಈ ಪಟ್ಟಿಯಲ್ಲಿ ಅತ್ಯಂತ ಅಗ್ಗದ ವಸ್ತು ಗಡಿಯಾರ, ತಪಾಸಣೆಗೆ ಹೋದವರಿಗೆ ಹಲವು ಕಡೆ ಕಾಣದೆ ಹೋಗಿರುವುದೂ ಅದೇ. ಬಾಗಿಲು ಹಾಕಿದ ಮೊದಲ ಗಂಟೆಯೊಳಗೆ ವೈದ್ಯರು ಬಂದು ನೋಡಬೇಕು, ಎರಡು ಗಂಟೆಗೊಮ್ಮೆ ಇಬ್ಬರು ನರ್ಸ್‌ಗಳು ಪರಿಶೀಲಿಸಬೇಕು, ಆರಂಭದಲ್ಲಿ ನಾಲ್ಕು ಗಂಟೆಗೊಮ್ಮೆ ವೈದ್ಯರು ಮತ್ತೆ ಬರಬೇಕು. ಒಬ್ಬರನ್ನು ಒಂಟಿಯಾಗಿ ಕೂಡಿಹಾಕುವುದಕ್ಕೆ ಇಷ್ಟು ಜನ ಬೇಕು. ಬೀಗ ಹಾಕಿದರೆ ಸಿಬ್ಬಂದಿ ಉಳಿಯುತ್ತಾರೆ ಎಂಬ ಎಣಿಕೆ ಕಾಗದದ ಮೇಲಂತೂ ಸುಳ್ಳು.

ಆಟಿಸಂ ಇರುವವರಿಗೆ ಈ ಕಟ್ಟಡಗಳೇ ಕಾಯಿಲೆಯ ಕಾರಣವಾಗುವುದುಂಟು. ಕೀಲಿಗೊಂಚಲಿನ ಝಣಝಣ, ಕಬ್ಬಿಣದ ಬಾಗಿಲು ಬಡಿಯುವ ಸದ್ದು, ಟ್ಯೂಬ್‌ಲೈಟಿನ ಮಿಣುಕು, ದಿನಕ್ಕೊಂದು ಹೊಸ ಮುಖ ಇವುಗಳನ್ನು ತಡೆದುಕೊಳ್ಳಲಾಗದವರನ್ನು ಇವೇ ತುಂಬಿರುವ ಕಡೆ ತಂದಿಡಲಾಗುತ್ತದೆ. ಒಬ್ಬ ರೋಗಿ ಗಲಾಟೆ ಮಾಡಿದಾಗ ಅಲಾರಂ ಕೂಗುತ್ತದೆ, ಅಕ್ಕಪಕ್ಕದ ವಾರ್ಡುಗಳಿಂದ ಸಿಬ್ಬಂದಿ ಓಡಿ ಬರುತ್ತಾರೆ. ಆ ಕೂಗು ಮತ್ತು ಓಟವೇ ಓಣಿಯ ಇನ್ನೊಂದು ತುದಿಯಲ್ಲಿರುವವನನ್ನು ಕೆರಳಿಸುತ್ತದೆ. ಆಸ್ಪತ್ರೆಗಳ ತಪಾಸಣೆ ಮಾಡುವ ಆರೈಕೆ ಗುಣಮಟ್ಟ ಆಯೋಗ 2020ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿ ಒಂಟಿಯಾಗಿ ಇಡಲಾದವರ ಬದುಕನ್ನು ವಿವರವಾಗಿ ನೋಡಿತು. ಸದ್ದು, ಬೆಳಕು, ವಾರ್ಡಿನ ವಾತಾವರಣ ಇಂಥವರಿಗೆ ಒಗ್ಗುವುದಿಲ್ಲ ಎಂಬುದು ಅದು ಕಂಡ ಮುಖ್ಯ ವಿಷಯಗಳಲ್ಲೊಂದು. ಬಣ್ಣ ಹಚ್ಚಿ ಗೋಡೆ ಮೆದುವಾಗಿಸಬಹುದು. ಹೊಸ ಮುಖಗಳ ಸಮಸ್ಯೆಗೆ ಬಣ್ಣದಿಂದ ಪರಿಹಾರವಿಲ್ಲ.

ಭದ್ರತೆಯನ್ನು ಈ ಕ್ಷೇತ್ರದವರು ಮೂರಾಗಿ ನೋಡುತ್ತಾರೆ. ಬೇಲಿ, ಬೀಗ, ಕ್ಯಾಮೆರಾಗಳದು ಒಂದು. ಎಣಿಕೆ, ತಪಾಸಣೆ, ಕಾಗದಪತ್ರಗಳದು ಇನ್ನೊಂದು. ಮೂರನೆಯದು ಒಡನಾಟದ ಭದ್ರತೆ: ರೋಗಿಯ ಬಗ್ಗೆ ಸಿಬ್ಬಂದಿಗೆ ಇರುವ ತಿಳಿವಳಿಕೆ, ಅವರಿಬ್ಬರ ನಡುವಿನ ನಂಬಿಕೆ. ಬೆಳಗಿನ ತಿಂಡಿಗೆ ಬಾರದವನು ನಿದ್ದೆಗೆಟ್ಟಿದ್ದಾನೋ, ಧ್ವನಿಗಳು ಮತ್ತೆ ಕೇಳತೊಡಗಿವೆಯೋ, ಅಥವಾ ಇವತ್ತು ಅವನ ತಾಯಿ ತೀರಿಕೊಂಡ ದಿನವೋ ಎಂದು ಹೇಳಬಲ್ಲವರು ಅವನನ್ನು ತಿಂಗಳುಗಟ್ಟಲೆ ನೋಡಿದವರು ಮಾತ್ರ. ಬ್ರಿಟನ್ನಿನ ಆರೋಗ್ಯ ಇಲಾಖೆ 2010ರಲ್ಲಿ ಇದಕ್ಕೆಂದೇ ಒಂದು ಕೈಪಿಡಿ ತಂದಿತು. ನೋಡು, ಯೋಚಿಸು, ಮಾಡು ಎಂಬುದು ಅದರ ಹೆಸರಿನ ತಾತ್ಪರ್ಯ. ಮೂರರಲ್ಲಿ ಇದೇ ಹೆಚ್ಚು ಮುಖ್ಯ ಎಂದು ಎಲ್ಲರೂ ಒಪ್ಪುತ್ತಾರೆ. ಬಜೆಟ್ ಬಿಗಿಯಾದಾಗ ಮೊದಲು ಸವೆಯುವುದೂ ಇದೇ, ಏಕೆಂದರೆ ಬೇಲಿ ಮುರಿದರೆ ಕಾಣುತ್ತದೆ, ಪರಿಚಯ ಮುರಿದದ್ದು ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ.

ಪಾಳಿಯ ಲೆಕ್ಕವನ್ನು ಒಮ್ಮೆ ನೋಡಿದರೆ ಇದು ಹೇಗೆ ಸವೆಯುತ್ತದೆ ಎಂದು ತಿಳಿಯುತ್ತದೆ. ವಾರ್ಡಿನಲ್ಲಿ ಹನ್ನೆರಡು ಹದಿನೈದು ರೋಗಿಗಳು. ಪಾಳಿಗೆ ಇಬ್ಬರೋ ಮೂವರೋ ನೋಂದಾಯಿತ ನರ್ಸ್‌ಗಳು, ಉಳಿದವರು ಆರೈಕೆ ಸಹಾಯಕರು. ದಿನದ ಪಾಳಿ ಬಹುತೇಕ ಕಡೆ ಹನ್ನೆರಡು ಗಂಟೆಯದು. ಒಬ್ಬ ರೋಗಿಗೆ ಸದಾ ಒಬ್ಬರ ಕಣ್ಗಾವಲು ಬೇಕೆಂದು ತೀರ್ಮಾನವಾಯಿತು ಎನ್ನೋಣ. ವಾರಕ್ಕೆ 168 ಗಂಟೆ. ಎನ್‌ಎಚ್‌ಎಸ್ ನೌಕರರ ಪೂರ್ಣಾವಧಿ ವಾರ 37.5 ಗಂಟೆಯದು. ಆ ಒಂದು ಕುರ್ಚಿ ತುಂಬಲು ನಾಲ್ಕೂವರೆ ಜನ ಬೇಕು. ರಜೆ, ತರಬೇತಿ, ಕಾಯಿಲೆ ಸೇರಿಸಿದರೆ ಐದೂವರೆ. ಇಬ್ಬರು ಬೇಕೆಂದರೆ ಹನ್ನೊಂದು. ಹೀಗೆ ಎರಡು ಮೂರು ರೋಗಿಗಳಾದರೆ ವಾರ್ಡಿನ ಕಾಯಂ ಸಿಬ್ಬಂದಿ ಅಲ್ಲಿಗೇ ಮುಗಿಯಿತು. ಉಳಿದ ಜಾಗಕ್ಕೆ ಏಜೆನ್ಸಿಯಿಂದ ಬಂದವರು.

ಏಜೆನ್ಸಿಯವರು ಕೆಟ್ಟವರೇನಲ್ಲ. ಆದರೆ ಸಂಜೆ ಏಳೂವರೆಗೆ ಬಂದ ಹೊಸಬರಿಗೆ ಪಾಳಿ ಬದಲಾಗುವಾಗಿನ ಹ್ಯಾಂಡೋವರಿನಲ್ಲಿ ಸಿಗುವುದು ಹೆಸರು, ಕಾಯಿಲೆ, ಅಪಾಯದ ಮಟ್ಟ ಇಷ್ಟೇ. ಕೆಲವು ಕಡೆ ಅವರಿಗೆ ಕೀಲಿ ತರಬೇತಿ ಆಗಿರುವುದಿಲ್ಲ, ಬಾಗಿಲು ದಾಟಲು ಇನ್ನೊಬ್ಬರನ್ನು ಕರೆಯಬೇಕು. ರೋಗಿಯನ್ನು ಬಲವಂತವಾಗಿ ಹಿಡಿದಿಡುವ ತರಬೇತಿ ಬೇರೆ ಬೇರೆ ಕಡೆ ಬೇರೆ ಬೇರೆ ಬಗೆಯದಾಗಿತ್ತು. ಇದಕ್ಕೆ ಒಂದೇ ಮಾನದಂಡ 2019ರಲ್ಲಷ್ಟೇ ಬಂತು. ಕೆಲಸಕ್ಕೆ ಹೊಸಬರೆಂದು ಅವರನ್ನು ಕೂರಿಸುವುದು ಸುಲಭದ ಕೆಲಸಕ್ಕೆ, ಅಂದರೆ ಕಣ್ಗಾವಲಿನ ಕುರ್ಚಿಗೆ. ವಾರ್ಡಿನಲ್ಲಿ ಅತ್ಯಂತ ಅಪಾಯದಲ್ಲಿರುವ ರೋಗಿಯ ಪಕ್ಕ ಅವನನ್ನು ಎಲ್ಲರಿಗಿಂತ ಕಡಿಮೆ ಬಲ್ಲವರು ಕೂತಿರುತ್ತಾರೆ. ಈ ಕೆಲಸದಲ್ಲಿ ಒಬ್ಬರನ್ನು ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಿಸಬಾರದೆಂದು 2015ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬದಲಿಗೆ ಬರುವವರೇ ಇಲ್ಲದ ರಾತ್ರಿ ಮಾರ್ಗಸೂಚಿಗೆ ಬೆಲೆ ಇಲ್ಲ.

ಸಿಬ್ಬಂದಿ ಕಡಿಮೆಯಾದ ದಿನ ಮೊದಲು ರದ್ದಾಗುವುದು ಹೊರಗಿನ ಸುತ್ತಾಟ. ಅರ್ಧ ಗಂಟೆ ಆವರಣದಲ್ಲಿ ನಡೆದಾಡಲು ರೋಗಿಗೆ 17ನೇ ಸೆಕ್ಷನ್ನಿನ ಅನುಮತಿ ಇರುತ್ತದೆ, ಜೊತೆಗೆ ಹೋಗಲು ಒಬ್ಬರೋ ಇಬ್ಬರೋ ಬೇಕು. ಅವರಿಲ್ಲ. ನಾಳೆ ನೋಡೋಣ ಎನ್ನುತ್ತಾರೆ. ವಾರದಲ್ಲಿ 25 ಗಂಟೆ ಅರ್ಥವುಳ್ಳ ಚಟುವಟಿಕೆ ಕೊಡಬೇಕೆಂಬುದು ಈ ಘಟಕಗಳಿಗೆ ಇಟ್ಟ ಗುರಿ. ಮರಗೆಲಸ, ತೋಟ, ಅಡುಗೆ, ಓದು, ಜಿಮ್ ಎಲ್ಲಕ್ಕೂ ಕೋಣೆಗಳಿವೆ. ಕೋಣೆಯ ಬಾಗಿಲು ತೆಗೆಯುವವರಿಲ್ಲದಿದ್ದರೆ ಜಿಮ್ಮಿನ ಯಂತ್ರಗಳ ಮೇಲೆ ಧೂಳು ಕೂರುತ್ತದೆ, ಟಿವಿ ನೋಡಿದ್ದನ್ನೂ ಚಟುವಟಿಕೆಯೆಂದು ಬರೆದು ಗಂಟೆ ತುಂಬಿಸುತ್ತಾರೆ. ಬೇಸರ, ರದ್ದಾದ ಸುತ್ತಾಟ, ಸಿಟ್ಟು, ಒಂದು ಹೊಡೆತ. ಆಮೇಲೆ ಆ ರೋಗಿಗೆ ಕಣ್ಗಾವಲು ಹೆಚ್ಚು, ಅದಕ್ಕಾಗಿ ಇನ್ನೊಬ್ಬ ಸಿಬ್ಬಂದಿ, ಮರುದಿನ ಇನ್ನೊಬ್ಬರ ಸುತ್ತಾಟ ರದ್ದು. ಪೆಟ್ಟು ತಿಂದ ನರ್ಸ್ ಕಾಯಿಲೆ ರಜೆಯ ಮೇಲೆ ಹೋಗುತ್ತಾರೆ, ವಾಪಸು ಬರುವ ಹೊತ್ತಿಗೆ ಬೇರೆ ಕಡೆ ಕೆಲಸ ಹುಡುಕಿರುತ್ತಾರೆ. ರ‍್ಯಾಂಪ್ಟನ್ನಿನ ಬಗ್ಗೆ 2024ರ ಆರಂಭದಲ್ಲಿ ಬಂದ ತಪಾಸಣಾ ವರದಿ ಆಸ್ಪತ್ರೆಗೆ ಅತ್ಯಂತ ಕೆಳಗಿನ ಶ್ರೇಣಿ ಕೊಟ್ಟಿತು. ಸಿಬ್ಬಂದಿ ಸಾಲದೆ ರೋಗಿಗಳನ್ನು ಕೋಣೆಗಳಲ್ಲೇ ಇರಿಸಿದ್ದು ಅದಕ್ಕಿದ್ದ ಕಾರಣಗಳಲ್ಲೊಂದು. ಅತಿ ಭದ್ರತೆಯ ಆಸ್ಪತ್ರೆಗಳಲ್ಲಿ ರಾತ್ರಿ ಕೋಣೆಗೆ ಬೀಗ ಹಾಕುವುದು ಅದಕ್ಕೆ ಮುಂಚೆಯೇ ನಿಯಮವಾಗಿತ್ತು.

ಹಾಗೆಂದು ತಲೆ ಎಣಿಸಿದರೆ ಸಾಕು ಎಂದೂ ಅಲ್ಲ. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಇದಕ್ಕೆ ಸಾಕ್ಷಿ. ಬೌದ್ಧಿಕ ವೈಕಲ್ಯ ಇರುವವರಿಗಾಗಿ ಖಾಸಗಿ ಕಂಪನಿಯೊಂದು 2006ರಲ್ಲಿ ತೆರೆದ ಆಸ್ಪತ್ರೆ, 24 ಹಾಸಿಗೆ, ಒಬ್ಬ ರೋಗಿಗೆ ವಾರಕ್ಕೆ ಸರಾಸರಿ 3,500 ಪೌಂಡ್. ಆ ಹಣಕ್ಕೆ ಜನರಿಗೇನೂ ಕೊರತೆಯಾಗಬೇಕಿರಲಿಲ್ಲ. 2011ರ ಮೇ 31ರಂದು ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಪ್ತ ಕ್ಯಾಮೆರಾದ ದೃಶ್ಯಗಳನ್ನು ತೋರಿಸಿತು. ಕುರ್ಚಿಯಡಿ ಅದುಮಿ ಹಿಡಿದದ್ದು, ಬಟ್ಟೆ ಸಮೇತ ತಣ್ಣೀರು ಸುರಿದದ್ದು, ಕೆನ್ನೆಗೆ ಬಾರಿಸಿದ್ದು ಎಲ್ಲವೂ ಅದರಲ್ಲಿತ್ತು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಅದಕ್ಕೂ ತಿಂಗಳುಗಳ ಮುಂಚೆ ಮೇಲಿನವರಿಗೆ, ಆಯೋಗಕ್ಕೆ ದೂರು ಬರೆದಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹನ್ನೊಂದು ಸಿಬ್ಬಂದಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಆರು ಮಂದಿ ಜೈಲಿಗೆ ಹೋದರು. ಮಾರ್ಗರೆಟ್ ಫ್ಲಿನ್ 2012ರಲ್ಲಿ ಬರೆದ ಪರಿಶೀಲನಾ ವರದಿಯಲ್ಲಿ ಒಂದು ಅಂಕಿ ಇದೆ: 2010ರ ಒಂದೇ ವರ್ಷದಲ್ಲಿ ರೋಗಿಗಳನ್ನು ಬಲವಂತವಾಗಿ ಹಿಡಿದದ್ದು 379 ಸಲ. ಇದು ಮುಚ್ಚಿಟ್ಟ ಲೆಕ್ಕವಲ್ಲ, ಆಸ್ಪತ್ರೆಯೇ ಬರೆದಿಟ್ಟುಕೊಂಡದ್ದು. ಅಲ್ಲಿನ ನೌಕರರಲ್ಲಿ ಹೆಚ್ಚಿನವರು ಅಲ್ಪ ತರಬೇತಿಯ ಸಹಾಯಕರು, ಬರುವವರು ಬರುತ್ತಿದ್ದರು, ಬಿಡುವವರು ಬಿಡುತ್ತಿದ್ದರು. ದಿನವಿಡೀ ರೋಗಿಗಳಿಗೂ ಕೆಲಸವಿಲ್ಲ, ಅವರಿಗೂ ಕೆಲಸವಿಲ್ಲ.

ಆಕ್ಸ್‌ಫರ್ಡಿನ ಸಣ್ಣ ಘಟಕವೊಂದರಲ್ಲಿ 2013ರ ಜುಲೈನಲ್ಲಿ 18 ವರ್ಷದ ಯುವಕನೊಬ್ಬ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತ. ಅವನಿಗೆ ಆಟಿಸಂ, ಬೌದ್ಧಿಕ ವೈಕಲ್ಯ, ಮೂರ್ಛೆರೋಗ ಮೂರೂ ಇದ್ದವು. ಅಲ್ಲಿದ್ದ ರೋಗಿಗಳು ಬೆರಳೆಣಿಕೆಯಷ್ಟು. ಮೂರ್ಛೆ ಮತ್ತೆ ಬಂದಿರಬಹುದೆಂದು ತಾಯಿ ಮೊದಲೇ ಎಚ್ಚರಿಸಿದ್ದರು. ಸ್ನಾನಕ್ಕೆ ಹೋದವನನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡುವ ವ್ಯವಸ್ಥೆಯನ್ನು ಸಿಬ್ಬಂದಿ ಮಾಡಿದ್ದರು. ಮೂರ್ಛೆ ಬಂದವರು ನೀರಿನಲ್ಲಿ ಮುಳುಗಲು ಹದಿನೈದು ನಿಮಿಷ ಬೇಕಿಲ್ಲ. ಸಾವಿಗೆ ನಿರ್ಲಕ್ಷ್ಯವೂ ಕಾರಣ ಎಂದು 2015ರಲ್ಲಿ ಜ್ಯೂರಿ ಹೇಳಿತು, ಆ ಘಟಕ ನಡೆಸುತ್ತಿದ್ದ ಟ್ರಸ್ಟಿಗೆ ಅವನದೂ ಸೇರಿ ಎರಡು ಸಾವುಗಳಿಗಾಗಿ 2018ರಲ್ಲಿ 20 ಲಕ್ಷ ಪೌಂಡ್ ದಂಡ ಬಿತ್ತು. ಇಲ್ಲಿ ಬೇಕಾಗಿದ್ದದ್ದು ಇನ್ನಷ್ಟು ಜನರಲ್ಲ, ಮೂರ್ಛೆರೋಗವನ್ನೂ ಆ ಹುಡುಗನನ್ನೂ ಬಲ್ಲ ಒಬ್ಬರು.

ಆ ಬಗೆಯ ತಿಳಿವಳಿಕೆಗೆಂದೇ ಬ್ರಿಟನ್ನಿನಲ್ಲಿ ಒಂದು ಪ್ರತ್ಯೇಕ ವೃತ್ತಿ ಇದೆ. ನರ್ಸಿಂಗಿನ ನಾಲ್ಕು ಶಾಖೆಗಳಲ್ಲಿ ಬೌದ್ಧಿಕ ವೈಕಲ್ಯದ ನರ್ಸಿಂಗ್ ಒಂದು. ಮಾತಾಡಲಾಗದವರು ನೋವನ್ನು ಹೇಗೆ ತೋರಿಸುತ್ತಾರೆ, ಚಿತ್ರಗಳಿಂದ ದಿನಚರಿ ಹೇಳುವುದು ಹೇಗೆ, ತಲೆ ಚಚ್ಚಿಕೊಳ್ಳುವುದರ ಹಿಂದೆ ಹಲ್ಲುನೋವೋ ಮಲಬದ್ಧತೆಯೋ ಇದ್ದರೆ ಕಂಡುಹಿಡಿಯುವುದು ಹೇಗೆ ಎಂಬುದೆಲ್ಲ ಈ ಪಾಠದಲ್ಲಿದೆ. ಹಳೆಯ ದೊಡ್ಡ ಆಸ್ಪತ್ರೆಗಳು ಮುಚ್ಚುತ್ತ ಬಂದಂತೆ ಈ ವೃತ್ತಿಯ ನೆಲೆಯೂ ಸಡಿಲವಾಯಿತು. ಕಾರ್ಡಿಫ್‌ನ ಈಲೀ ಆಸ್ಪತ್ರೆಯ ಕ್ರೌರ್ಯ 1969ರ ವರದಿಯಲ್ಲಿ ಬಯಲಾಗಿ ಇಂಥ ಆಸ್ಪತ್ರೆಗಳನ್ನು ಮುಚ್ಚುವ ನೀತಿ ಬಂತು. ಬೌದ್ಧಿಕ ವೈಕಲ್ಯ ಇರುವವರನ್ನು ನೋಡಿಕೊಳ್ಳುವುದು ಆರೈಕೆಯ ಕೆಲಸ, ನರ್ಸಿಂಗ್ ಅಲ್ಲ ಎಂದು 1979ರ ಜೇ ವರದಿ ವಾದಿಸಿತು. ಎನ್‌ಎಚ್‌ಎಸ್‌ನಲ್ಲಿ ಈ ನರ್ಸ್‌ಗಳ ಸಂಖ್ಯೆ 2010ರಿಂದೀಚೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಸ್ವಲ್ಪ ವಯಸ್ಸಾದವರು, ಮಕ್ಕಳಿದ್ದವರು, ಬೇರೆ ಕೆಲಸ ಬಿಟ್ಟವರು ಹೆಚ್ಚಾಗಿ ಸೇರುತ್ತಿದ್ದ ಕೋರ್ಸು ಇದು. 2017ರಲ್ಲಿ ವಿದ್ಯಾರ್ಥಿವೇತನ ನಿಂತಾಗ ಪೆಟ್ಟು ಬಿದ್ದದ್ದೂ ಇದಕ್ಕೇ ಹೆಚ್ಚು.

ಈ ಖಾಲಿ ಜಾಗವನ್ನು ಭಾರತದ ನರ್ಸ್‌ಗಳಿಂದ ತುಂಬುವುದೂ ಸುಲಭವಲ್ಲ. ಇತ್ತೀಚಿನ ವರ್ಷಗಳಲ್ಲಿ ಬ್ರಿಟನ್ನಿನ ನೋಂದಣಿಗೆ ಹೊರದೇಶಗಳಿಂದ ಬಂದವರಲ್ಲಿ ಭಾರತೀಯರದೇ ಮೊದಲ ಸ್ಥಾನ. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಓದಿದವರು ಅವರಲ್ಲಿ ಸಾಕಷ್ಟಿದ್ದಾರೆ. ಆದರೆ ಇಲ್ಲಿನ ಬಿಎಸ್ಸಿ ನರ್ಸಿಂಗ್ ಮತ್ತು ಜಿಎನ್‌ಎಂ ಸಾಮಾನ್ಯ ನರ್ಸಿಂಗ್ ಕೋರ್ಸುಗಳು. ಮನೋರೋಗದ ಪಾಠ ಅದರೊಳಗೇ ಬರುತ್ತದೆ; ಹೆಚ್ಚಿಗೆ ಕಲಿಯಬೇಕೆನ್ನುವವರಿಗೆ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಒಂದು ವರ್ಷದ ಡಿಪ್ಲೊಮಾ ಇದೆ. ಬೌದ್ಧಿಕ ವೈಕಲ್ಯದ ನರ್ಸಿಂಗ್ ಎಂಬ ಬೇರೆ ನೋಂದಣಿ ಭಾರತದಲ್ಲಿಲ್ಲ. ಹಾಗಾಗಿ ಹೋದವರಲ್ಲಿ ಹೆಚ್ಚಿನವರು ಸಾಮಾನ್ಯ ವಾರ್ಡುಗಳನ್ನೇ ಸೇರುತ್ತಾರೆ.

ಜನ ಸಿಗದ ಕಡೆ ಯಂತ್ರ ಬಂತು. ಮಲಗುವ ಕೋಣೆಯ ಗೋಡೆಯಲ್ಲಿ ಅವಕೆಂಪು ಕ್ಯಾಮೆರಾ ಕೂರಿಸಿ, ಬಾಗಿಲು ತೆರೆಯದೆಯೇ ರೋಗಿಯ ನಾಡಿ ಮತ್ತು ಉಸಿರಾಟ ಅಳೆಯುವ ವ್ಯವಸ್ಥೆಯನ್ನು ಹಲವು ಟ್ರಸ್ಟುಗಳು ತಂದವು. ರಾತ್ರಿ ಟಾರ್ಚು ಬಿಟ್ಟು ನಿದ್ದೆ ಕೆಡಿಸುವುದು ತಪ್ಪಿತೆಂದು ಕೆಲವರು ಮೆಚ್ಚಿದರು. ತಮ್ಮ ಒಪ್ಪಿಗೆ ಕೇಳದೆ ಹಾಸಿಗೆಯ ಮೇಲೆ ಕ್ಯಾಮೆರಾ ಹಾಕಿದರೆಂದು ರೋಗಿಗಳ ಗುಂಪುಗಳು ಪ್ರತಿಭಟಿಸಿದವು. ಕಣ್ಗಾವಲು ಕಾಗದದಲ್ಲಷ್ಟೇ ನಡೆದರೆ ಏನಾಗುತ್ತದೆ ಎಂಬುದು 2022ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಮ್ಯಾಂಚೆಸ್ಟರಿನ ಈಡನ್‌ಫೀಲ್ಡ್ ಎಂಬ ಮಧ್ಯಮ ಭದ್ರತಾ ಘಟಕದ ಕುರಿತ ಪನೋರಮಾದಲ್ಲಿ ಕಂಡಿತು. ರೋಗಿಯನ್ನು ನೋಡದೆಯೇ ನೋಡಿದೆವೆಂದು ಸಿಬ್ಬಂದಿ ರಿಜಿಸ್ಟರ್ ತುಂಬುತ್ತಿದ್ದರು, ಅವಮಾನದ ಮಾತು, ಗೇಲಿ ನಡೆಯುತ್ತಿತ್ತು. ಬೇಲಿಗೆ 5.2 ಮೀಟರ್ ನಿಯಮ ಆಗಲೂ ಇತ್ತು.

ಸಂಖ್ಯೆ ಹೆಚ್ಚಿಸದೆ ಒಡನಾಟ ಬದಲಿಸಿ ಫಲ ಕಂಡ ಪ್ರಯೋಗವೂ ಒಂದಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಲೆನ್ ಬವರ್ಸ್ ಮತ್ತು ಸಂಗಡಿಗರು 15 ಆಸ್ಪತ್ರೆಗಳ 31 ಸಾಮಾನ್ಯ ಮನೋರೋಗ ವಾರ್ಡುಗಳಲ್ಲಿ ಹತ್ತು ಸಣ್ಣ ಕ್ರಮಗಳನ್ನು ಪರೀಕ್ಷಿಸಿದರು. ಸಿಬ್ಬಂದಿ ತಮ್ಮ ಇಷ್ಟದ ಸಿನಿಮಾ, ಹವ್ಯಾಸ ಬರೆದು ರೋಗಿಗಳಿಗೆ ಕಾಣುವಂತೆ ಇಡುವುದು. ಮನೆಗೆ ಹೋಗುವವರು ಹಿಂದುಳಿದವರಿಗೆ ನಾಲ್ಕು ಮಾತು ಬರೆದು ಗೋಡೆಯ ಮರಕ್ಕೆ ಅಂಟಿಸುವುದು. ಕೆಟ್ಟ ಸುದ್ದಿ ಬಂದವರ ಬಳಿ ಯಾರಾದರೂ ತಾವಾಗಿ ಹೋಗಿ ಕೂರುವುದು. ಹ್ಯಾಂಡೋವರಿನಲ್ಲಿ ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳುವುದು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಲಾಟೆ ಶೇ. 15ರಷ್ಟು, ಹಿಡಿದಿಡುವುದು, ಕೂಡಿಹಾಕುವುದು ಮುಂತಾದ ಬಲಪ್ರಯೋಗ ಶೇ. 26ರಷ್ಟು ತಗ್ಗಿದವು. ಭದ್ರತಾ ಘಟಕಗಳೂ ಆಮೇಲೆ ಇದನ್ನು ಎತ್ತಿಕೊಂಡವು. ಫಲ ನಿಲ್ಲುವುದು ಸಿಬ್ಬಂದಿ ನಿಂತ ಕಡೆ ಮಾತ್ರ. ತಿಂಗಳಿಗೊಮ್ಮೆ ಬದಲಾಗುವವರು ಯಾರ ಹವ್ಯಾಸವನ್ನು ಗೋಡೆಗೆ ಅಂಟಿಸಬೇಕು?

ವಿಂಟರ್‌ಬೋರ್ನ್ ನಂತರ ಸರ್ಕಾರ, ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಇದ್ದು ಅನಗತ್ಯವಾಗಿ ಆಸ್ಪತ್ರೆಯಲ್ಲಿರುವವರನ್ನೆಲ್ಲ 2014ರ ಜೂನ್ ಒಳಗೆ ಊರಿಗೆ ಕಳಿಸುತ್ತೇವೆ ಎಂದಿತು. ಆಗಲಿಲ್ಲ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಸಿಗೆಗಳನ್ನು 2019ರ ಮಾರ್ಚ್ ಒಳಗೆ ಮುಚ್ಚುವ ಯೋಜನೆ 2015ರಲ್ಲಿ ಬಂತು. ಅದೂ ಪೂರ್ತಿ ಆಗಲಿಲ್ಲ. ಡರಂ ಜಿಲ್ಲೆಯ ವೋರ್ಲ್ಟನ್ ಹಾಲ್ ಆಸ್ಪತ್ರೆಯಲ್ಲಿ ರೋಗಿಗಳನ್ನು ಹಿಂಸಿಸಿದ ದೃಶ್ಯಗಳು ಅದೇ 2019ರ ಮೇ ತಿಂಗಳಲ್ಲಿ ಟಿವಿಗೆ ಬಂದವು. ಆಸ್ಪತ್ರೆಗಳಲ್ಲಿ 2015ರಲ್ಲಿ ಸುಮಾರು 2,900 ಇದ್ದ ಇಂಥ ರೋಗಿಗಳ ಸಂಖ್ಯೆ ಹತ್ತು ವರ್ಷಗಳ ನಂತರವೂ 2,000ದ ಆಸುಪಾಸಿನಲ್ಲಿತ್ತು. ಹೊರಗೆ ಮನೆ ಸಿಕ್ಕರೂ ಅಲ್ಲಿಯೂ ಅದೇ ಪಾಳಿಯ ಲೆಕ್ಕ ಎದುರಾಗುತ್ತದೆ. ಹಗಲೂ ರಾತ್ರಿ ಇಬ್ಬರು ಬೇಕಾದವರಿಗೆ ಮನೆಯಲ್ಲೂ ಹನ್ನೊಂದು ಜನ ಬೇಕು, ಸಂಬಳ ಮಾತ್ರ ಎನ್‌ಎಚ್‌ಎಸ್ ಖಜಾನೆಯಿಂದಲ್ಲ, ಹೆಚ್ಚಾಗಿ ಊರಿನ ಕೌನ್ಸಿಲ್‌ನಿಂದ ಬರಬೇಕು. ಐದು ವರ್ಷಕ್ಕಿಂತ ಹೆಚ್ಚು ಒಳಗಿದ್ದವರ ಜೊತೆಗೆ ಅವರ ಹಣವೂ ಹೊರಬರಲಿ ಎಂಬ ಏರ್ಪಾಡು 2015ರ ಯೋಜನೆಯಲ್ಲಿತ್ತು. ಅಷ್ಟು ದಿನ ಆಗದವರ ಪಾಲಿಗೆ ಎರಡು ಕಚೇರಿಗಳ ನಡುವಿನ ಪತ್ರವ್ಯವಹಾರ ಉಳಿಯಿತು.

2024ರ ನವೆಂಬರಿನಲ್ಲಿ ಲಾರ್ಡ್ಸ್ ಸಭೆಯಲ್ಲಿ ಮಂಡನೆಯಾದ ಮಾನಸಿಕ ಆರೋಗ್ಯ ಮಸೂದೆ, ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಇದೆ ಎಂಬಷ್ಟಕ್ಕೇ ಯಾರನ್ನೂ ಚಿಕಿತ್ಸೆಯ ಹೆಸರಲ್ಲಿ ದೀರ್ಘಕಾಲ ಕೂಡಿಹಾಕಬಾರದೆಂಬ ಕಲಮನ್ನು ತಂದಿತು. ಊರುಗಳಲ್ಲಿ ಸಾಕಷ್ಟು ಆರೈಕೆ ವ್ಯವಸ್ಥೆ ಸಿದ್ಧವಾದ ಮೇಲೆಯೇ ಈ ಕಲಮು ಜಾರಿಗೆ ಬರುತ್ತದೆ ಎಂದು ಸರ್ಕಾರ ಜೊತೆಗೇ ಹೇಳಿತು. ನ್ಯಾಯಾಲಯದ ಆದೇಶದ ಮೇಲೆ ಭದ್ರತಾ ಘಟಕ ಸೇರಿದವರಿಗೆ ಅದು ಅನ್ವಯವಾಗುವುದಿಲ್ಲ. ಅವರ ವಾರ್ಡುಗಳು ಹಾಗೇ ಇರುತ್ತವೆ, ಅವುಗಳಿಗೆ ಎಷ್ಟು ನರ್ಸ್‌ಗಳು ಬೇಕೆಂಬುದನ್ನು ಈಗಲೂ ಆಯಾ ಟ್ರಸ್ಟು, ಆಯಾ ಕಂಪನಿಯೇ ತೀರ್ಮಾನಿಸುತ್ತದೆ.